ಗೋಣಿತಟ್ಟಿನ ಮೇಲೆ ಕೂತ ಬಾಲ್ಯ

(ಕಲಬುರಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಒಂದನೆಯ ತರಗತಿಗೆ ಪಾಠ ಹೇಳುತ್ತಲೇ ನಿವೃತ್ತರಾದ ಶಿಕ್ಷಕಿಯೊಬ್ಬರ ನೆನಪಿಗೆ ಅವರ ಮಕ್ಕಳು ಇಟ್ಟ ದತ್ತಿ ಇದು. ಹಾಗಾಗಿ ಇಲ್ಲಿ ಸಣ್ಣ ಮಕ್ಕಳ ಬಗ್ಗೆಯೇ ಮಾತಾಡಬೇಕು ಅನ್ನಿಸಿತು. ಆದರೆ ನೇರವಾಗಿ ಮಕ್ಕಳ ಬಗ್ಗೆ ಅಲ್ಲ, ಮಕ್ಕಳನ್ನು ಓದಲು ಹೊರಟವರ ಬಗ್ಗೆ. ಶಿಕ್ಷಣಶಾಸ್ತ್ರದಲ್ಲಿ, ಬಾಲವಿಕಾಸದಲ್ಲಿ ಸ್ನಾತಕೋತ್ತರ ಪದವಿ ಮಾಡುವ ಒಬ್ಬ ಹುಡುಗಿ ಎರಡು ವರ್ಷ, ನಾಲ್ಕು ಸೆಮಿಸ್ಟರು ಓದುತ್ತಾಳೆ. ಅಷ್ಟು ದಿನ ಅವಳ ಪುಸ್ತಕದಲ್ಲಿ ಇರುವ ಮಗು ಯಾವುದು? ಅವಳ ಕಿಟಕಿಯ ಹೊರಗೆ ಇರುವ ಮಗು ಯಾವುದು? ಇವೆರಡೂ ಎಲ್ಲಾದರೂ ಭೇಟಿಯಾಗುತ್ತವೆಯೆ? ಈ ಪ್ರಶ್ನೆ ಹಿಡಿದುಕೊಂಡು ನಾನು ಮಹಾರಾಷ್ಟ್ರದ ಎರಡು ಊರುಗಳ ಕಡೆ ನಿಮ್ಮನ್ನು ಕರೆದೊಯ್ಯಬೇಕೆಂದಿದ್ದೇನೆ. ಒಂದು ನಾಸಿಕ್, ಇನ್ನೊಂದು 2023ರವರೆಗೆ ಔರಂಗಾಬಾದ್ ಆಗಿದ್ದ ಛತ್ರಪತಿ ಸಂಭಾಜಿನಗರ.

ಮೊದಲು ಪುಸ್ತಕದ ಮಗುವಿನ ಮಾತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ನಿಯಮಗಳನ್ನು ಬದಲಿಸಿ ಬಿ.ಎಡ್., ಎಂ.ಎಡ್. ಎರಡನ್ನೂ ಎರಡೆರಡು ವರ್ಷದ ಓದಾಗಿ ಮಾಡಿತು. ಬಿ.ಎಡ್.ಗೆ ಅದು ಕೊಟ್ಟ ಚೌಕಟ್ಟಿನಲ್ಲಿ ಮೊದಲನೆಯ ಪತ್ರಿಕೆಯೇ ಬಾಲ್ಯ ಮತ್ತು ಬೆಳವಣಿಗೆ. ಆ ಪತ್ರಿಕೆ ಓದಿದವರಿಗೆ ಮನೋವಿಜ್ಞಾನಿಗಳಾದ ಪಿಯಾಜೆ, ವೈಗೋಟ್ಸ್ಕಿ, ಎರಿಕ್‌ಸನ್, ಕೋಲ್‌ಬರ್ಗ್ ಬಾಯಿಪಾಠ. ಪಿಯಾಜೆಯ ನಾಲ್ಕು ಹಂತ ಯಾವುವು ಎಂದು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಆದರೆ ಪಿಯಾಜೆಗೆ ಅದು ಹೇಗೆ ಗೊತ್ತಾಯಿತು? ಶೈಶವದ ಬಗ್ಗೆ ಆತ ಬರೆದ ಮುಖ್ಯ ಪುಸ್ತಕಗಳಿಗೆ ಆಧಾರ ಆತನದೇ ಮೂವರು ಮಕ್ಕಳು: ಜಾಕ್ಲಿನ್, ಲೂಸಿಯೆನ್, ಲೊರಾಂ. ಹೆಂಡತಿ ವ್ಯಾಲಂಟೀನ್ ಜೊತೆ ಕೂತು, ತೊಟ್ಟಿಲ ಪಕ್ಕದಲ್ಲಿ, ದಿನ ಹಾಕಿ ಬರೆದ ಟಿಪ್ಪಣಿಗಳು. ಆಟಿಕೆಯನ್ನು ಬಟ್ಟೆಯ ಕೆಳಗೆ ಬಚ್ಚಿಟ್ಟರೆ ಕೂಸು ಹುಡುಕುತ್ತದೆಯೋ, ಮರೆತುಬಿಡುತ್ತದೆಯೋ? ನೋಡಿದರು, ಬರೆದರು, ಮತ್ತೆ ನೋಡಿದರು. ಅಷ್ಟು ತಾಳ್ಮೆಯ ನೋಟದಿಂದ ಹುಟ್ಟಿದ ವಿದ್ಯೆಯಲ್ಲಿ ನಾವು ನೋಟವನ್ನು ಬಿಟ್ಟು ಫಲಿತಾಂಶವನ್ನು ಮಾತ್ರ ಇಟ್ಟುಕೊಂಡಿದ್ದೇವೆ. ನಮ್ಮ ವಿದ್ಯಾರ್ಥಿಗಳ ಕೇಸ್ ಸ್ಟಡಿ ರೆಕಾರ್ಡುಗಳಲ್ಲಿ ಎಷ್ಟೋ ಸಲ ಸೀನಿಯರುಗಳ ವಾಕ್ಯವೇ ಮತ್ತೆ ಬರುತ್ತದೆ. ಮಗುವಿನ ಹೆಸರು ಬದಲಾಗಿರುತ್ತದೆ, ಮಗು ಬದಲಾಗಿರುವುದಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ಇನ್ನು ಊರುಗಳ ಮಾತು. ಕಲಬುರಗಿಯವರಿಗೆ ಔರಂಗಾಬಾದ್ ಪರಸ್ಥಳವಲ್ಲ. ನಿಜಾಮರ ಹೈದರಾಬಾದ್ ರಾಜ್ಯದ 16 ಜಿಲ್ಲೆಗಳಲ್ಲಿ ಮರಾಠವಾಡದವು ಐದು, ಕನ್ನಡದವು ಮೂರು: ಬೀದರ, ಕಲಬುರಗಿ, ರಾಯಚೂರು. 1956ರ ನವೆಂಬರ್ 1ರವರೆಗೆ ನಾವು ಒಂದೇ ರಾಜ್ಯದವರು. ನಿಜಾಮರ ಕಾಲದಲ್ಲಿ ಮನೆಯಲ್ಲಿ ಕನ್ನಡವೋ ಮರಾಠಿಯೋ ಆಡುವ ಮಕ್ಕಳು ಉರ್ದುವಿನ ಮೂಲಕ ಮೇಲಿನ ಓದು ಓದಬೇಕಾಗಿತ್ತು. ಓದು ಮುಂದುವರಿಸಬೇಕೆಂದರೆ ಕೊನೆಗೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೇ ಹೋಗಬೇಕಿತ್ತು. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ನಿಜಾಮನ ವಿರುದ್ಧದ ಹೋರಾಟಕ್ಕೆ ಇಳಿಯುವ ಮೊದಲು ಶಾಲಾಮಾಸ್ತರರಾಗಿದ್ದರು. ಹಿಪ್ಪರಗಾದಲ್ಲಿ, ಆಮೇಲೆ ಬೀಡ್ ಜಿಲ್ಲೆಯ ಅಂಬಾಜೋಗಾಯಿಯಲ್ಲಿ ಮರಾಠವಾಡದ ಮಕ್ಕಳಿಗೆ ಪಾಠ ಹೇಳಿದರು. ಆ ಬೀಡ್ ಜಿಲ್ಲೆಯ ಮಾತು ಇವತ್ತು ಇನ್ನೊಮ್ಮೆ ಬರಲಿದೆ.

ಔರಂಗಾಬಾದಿನಲ್ಲಿ ವಿಶ್ವವಿದ್ಯಾಲಯ ಶುರುವಾದದ್ದು 1958ರಲ್ಲಿ. ನಮ್ಮ ಗುಲ್ಬರ್ಗ ವಿಶ್ವವಿದ್ಯಾಲಯ 1980ರವರೆಗೆ ಕಾಯಬೇಕಾಯಿತು. ಆದರೆ ಅಲ್ಲಿ ವಿಶ್ವವಿದ್ಯಾಲಯಕ್ಕಿಂತ ಮೊದಲೇ ಒಂದು ಕಾಲೇಜು ಬಂದಿತ್ತು. ಡಾ. ಬಾಬಾಸಾಹೇಬ ಅಂಬೇಡ್ಕರ್ 1945ರಲ್ಲಿ ಕಟ್ಟಿದ ಪೀಪಲ್ಸ್ ಎಜುಕೇಶನ್ ಸೊಸೈಟಿ 1950ರಲ್ಲಿ ಅಲ್ಲಿ ಕಾಲೇಜು ತೆರೆಯಿತು. 1951ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಅದರ ಕಟ್ಟಡಕ್ಕೆ ಅಡಿಗಲ್ಲು ಇಟ್ಟರು. ಭಿಕ್ಷು ನಾಗಸೇನನ ಮುಂದೆ ಕೂತು ಒಂದರ ಮೇಲೊಂದು ಪ್ರಶ್ನೆ ಕೇಳಿದ ಗ್ರೀಕ್ ರಾಜ ಮಿಲಿಂದನ ಹೆಸರನ್ನು ಅಂಬೇಡ್ಕರರು ಆ ಕಾಲೇಜಿಗೆ ಕೊಟ್ಟರು. ಕಾಲೇಜು ಇರುವ ಜಾಗ ನಾಗಸೇನವನ. ಪ್ರಶ್ನೆ ಕೇಳುವ ಶಿಷ್ಯ, ಉತ್ತರ ಹೇಳಬೇಕಾದ ಗುರು, ಇಬ್ಬರನ್ನೂ ಒಂದೇ ಅಂಗಳದಲ್ಲಿ ಕೂರಿಸಿದ ಹಾಗಾಯಿತು.

ಇಲ್ಲಿ ನಮ್ಮ ಎಂ.ಎಡ್. ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ಶಿಕ್ಷಣದ ತತ್ವಶಾಸ್ತ್ರದ ಪತ್ರಿಕೆಯಲ್ಲಿ ಜಾನ್ ಡ್ಯೂಯಿ ಬಗ್ಗೆ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆಯುತ್ತೀರಿ. ಸಮಾಜಶಾಸ್ತ್ರೀಯ ನೆಲೆಗಳ ಪತ್ರಿಕೆಯಲ್ಲಿ ಅಂಬೇಡ್ಕರ್ ಬಗ್ಗೆ ಬರೆಯುತ್ತೀರಿ. ಈ ಇಬ್ಬರೂ ಒಂದೇ ಕೋಣೆಯಲ್ಲಿ ಕೂತವರು. 1913ರಿಂದ 1916ರವರೆಗೆ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ. ಅರ್ಥಶಾಸ್ತ್ರ ಅವರ ಮುಖ್ಯ ವಿಷಯವಾದರೂ ಇತಿಹಾಸ, ಸಮಾಜಶಾಸ್ತ್ರ, ಮಾನವಶಾಸ್ತ್ರ, ತತ್ವಶಾಸ್ತ್ರ ಎಲ್ಲದರ ತರಗತಿಗಳಿಗೂ ಹೋಗಿ ಕೂತರು. ಡ್ಯೂಯಿಯ ತರಗತಿಯೂ ಅದರಲ್ಲಿತ್ತು. ಪ್ರಜಾಪ್ರಭುತ್ವ ಮತ್ತು ಶಿಕ್ಷಣದ ಕುರಿತ ಡ್ಯೂಯಿಯ ದೊಡ್ಡ ಗ್ರಂಥ ಹೊರಬಂದದ್ದು 1916ರಲ್ಲಿ. ಅದೇ ವರ್ಷ ಅಂಬೇಡ್ಕರ್ ಲಂಡನ್ನಿಗೆ ಹೊರಟರು. 1936ರ ‘ಜಾತಿ ವಿನಾಶ’ದಲ್ಲಿ ಅವರು ಡ್ಯೂಯಿಯನ್ನು ತಮ್ಮ ಗುರುವೆಂದು, ತಾನು ಅವರಿಗೆ ಋಣಿಯೆಂದು ಹೆಸರಿಟ್ಟು ನೆನೆದಿದ್ದಾರೆ. 1952ರ ಜೂನ್ 5ರಂದು ಕೊಲಂಬಿಯಾ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಗುರು ಜೂನ್ 1ರಂದೇ ತೀರಿಕೊಂಡಿದ್ದರು. ಶಾಲೆಯೆಂದರೆ ಒಟ್ಟಿಗೆ ಬದುಕುವುದನ್ನು ಕಲಿಯುವ ಜಾಗ ಎಂಬುದು ಡ್ಯೂಯಿಯ ವಾದ. ಅದನ್ನು ಕೇಳುತ್ತ ಕೂತಿದ್ದ ಈ ವಿದ್ಯಾರ್ಥಿಗೆ ಶಾಲೆ ಎಂದಾಗ ಏನು ನೆನಪಾಗಿರಬಹುದು?

ಅದನ್ನು ಊಹಿಸಬೇಕಾಗಿಲ್ಲ, ಅವರೇ ಬರೆದಿಟ್ಟಿದ್ದಾರೆ. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಸಣ್ಣ ಆತ್ಮಕಥನದಲ್ಲಿ ಸಾತಾರೆಯ ಶಾಲೆ ಬರುತ್ತದೆ. ತರಗತಿಯಲ್ಲಿ ಬೇರೆ ಮಕ್ಕಳಿಂದ ದೂರ, ಒಂದು ಗೋಣಿತಟ್ಟಿನ ಮೇಲೆ ಕೂರಬೇಕು. ಶಾಲೆ ಗುಡಿಸುವ ಆಳು ಆ ಗೋಣಿತಟ್ಟನ್ನು ಮುಟ್ಟುವುದಿಲ್ಲ. ಸಂಜೆ ಅದನ್ನು ಸುತ್ತಿ ಮನೆಗೆ ಒಯ್ಯಬೇಕು, ಬೆಳಿಗ್ಗೆ ಮತ್ತೆ ತರಬೇಕು. ಬಾಯಾರಿದರೆ ಬೇರೆ ಮಕ್ಕಳು ಹೋಗಿ ನಲ್ಲಿ ತಿರುಗಿಸಿ ಕುಡಿಯುತ್ತಾರೆ. ಈ ಹುಡುಗ ಮಾತ್ರ ಜವಾನ ಬಂದು ನಲ್ಲಿ ತಿರುಗಿಸುವವರೆಗೆ ಕಾಯಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. 1901ರ ಬೇಸಿಗೆಯಲ್ಲಿ ತಂದೆಯನ್ನು ನೋಡಲೆಂದು ರೈಲಿನಲ್ಲಿ ಮಸೂರ್ ನಿಲ್ದಾಣಕ್ಕೆ ಬಂದಿಳಿದ ಮಕ್ಕಳ ಕಥೆಯೂ ಅಲ್ಲಿದೆ. ಜಾತಿ ಗೊತ್ತಾದ ಕೂಡಲೇ ಗಾಡಿಯವರು ಹಿಂದೆ ಸರಿಯುತ್ತಾರೆ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪಿ, ಗಾಡಿಯನ್ನು ಮಕ್ಕಳೇ ಹೊಡೆಯಲಿ ಎನ್ನುತ್ತಾನೆ. ಬುತ್ತಿಯಲ್ಲಿ ಊಟವಿದ್ದರೂ ಕುಡಿಯಲು ನೀರು ಸಿಗದೆ ರಾತ್ರಿಯಿಡೀ ಹಸಿದೇ ಇರುತ್ತಾರೆ. ಆಗ ಅಂಬೇಡ್ಕರರಿಗೆ ಒಂಬತ್ತು ಹತ್ತು ವರ್ಷ.

ನಾವು ಈ ಪುಸ್ತಕವನ್ನು ಸಮಾಜಶಾಸ್ತ್ರದ ಕಪಾಟಿನಲ್ಲಿ ಇಡುತ್ತೇವೆ. ಅದನ್ನು ಬಾಲವಿಕಾಸದ ಪತ್ರಿಕೆಗೆ ತನ್ನಿ ಎಂದು ನಾನು ಕೇಳುತ್ತಿದ್ದೇನೆ. ಎರಿಕ್‌ಸನ್ ಪ್ರಕಾರ ಆರರಿಂದ ಹನ್ನೆರಡರ ವಯಸ್ಸು ದುಡಿಮೆಯ ಹುರುಪು ಮತ್ತು ಕೀಳರಿಮೆಗಳ ನಡುವಿನ ತಿಕ್ಕಾಟದ ವಯಸ್ಸು. ಸರಿ, ಆ ಕೀಳರಿಮೆ ಎಲ್ಲಿಂದ ಬಂತು? ಲೆಕ್ಕ ತಪ್ಪಿದ್ದರಿಂದಲೋ, ನಲ್ಲಿ ಮುಟ್ಟಬಾರದು ಎಂದದ್ದರಿಂದಲೋ? ಬ್ರಾನ್ಫೆನ್‌ಬ್ರೆನರ್ ಮಗುವಿನ ಸುತ್ತ ಸುತ್ತಾಗಿ ಹರಡಿದ ಪರಿಸರಗಳ ಚಿತ್ರ ಬರೆದು ತೋರಿಸಿದ: ಮನೆ, ಶಾಲೆ, ನೆರೆಹೊರೆ, ಅದರಾಚೆ ಕಾನೂನು, ಸಂಸ್ಕೃತಿ. ಎಲ್ಲಕ್ಕಿಂತ ಹೊರಗಿನ ಸುತ್ತು ಮಗುವಿಗೆ ಬಹಳ ದೂರದ್ದು ಎಂಬಂತೆ ಆ ಚಿತ್ರ ಕಾಣುತ್ತದೆ. ಸಾತಾರೆಯ ಹುಡುಗನಿಗೆ ಆ ಹೊರಗಿನ ಸುತ್ತು ತೊಡೆಯ ಕೆಳಗೆ ಚುಚ್ಚುತ್ತಿತ್ತು. ಸಿದ್ಧಾಂತ ಸುಳ್ಳೆಂದು ನಾನು ಹೇಳುತ್ತಿಲ್ಲ. ಈ ನೆಲದ ಮಗುವನ್ನು ಎದುರಿಗಿಟ್ಟುಕೊಂಡು ಓದಿದರೆ ಅದರಲ್ಲಿ ಕಾಣುವುದು ಬೇರೆ, ಇಟ್ಟುಕೊಳ್ಳದೆ ಓದಿದರೆ ಕಾಣುವುದು ಬೇರೆ.

ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧದಿಂದ ಏನಾಗುತ್ತದೆ, ಗ್ರಂಥಾಲಯದಲ್ಲಿ ಧೂಳು ತಿನ್ನುತ್ತದೆ ಎಂದು ನೀವು ಅಂದುಕೊಳ್ಳಬಹುದು. ಅಮೆರಿಕದ ಮೇಮಿ ಫಿಪ್ಸ್ ಕ್ಲಾರ್ಕ್ ಎಂಬ ಕಪ್ಪು ತರುಣಿ 1939ರಲ್ಲಿ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಎಂ.ಎ. ಪ್ರಬಂಧ ಬರೆದಳು. ಇನ್ನೂ ಶಾಲೆ ಸೇರದ ಕಪ್ಪು ಮಕ್ಕಳಿಗೆ ತಾವು ಯಾರೆಂಬ ಅರಿವು ಹೇಗೆ ಮೂಡುತ್ತದೆ ಎಂಬುದು ಅದರ ವಿಷಯ. ಮುಂದೆ ಅವಳೂ ಗಂಡ ಕೆನೆತ್ ಕ್ಲಾರ್ಕನೂ ಅದೇ ದಾರಿಯಲ್ಲಿ ಮುಂದುವರಿದು, ಬಣ್ಣ ಬಿಟ್ಟರೆ ಬೇರೆಲ್ಲ ಒಂದೇ ತರಹದ ಬಿಳಿ ಮತ್ತು ಕಂದು ಗೊಂಬೆಗಳನ್ನು ಮಕ್ಕಳ ಮುಂದಿಟ್ಟರು. ಒಳ್ಳೆಯ ಗೊಂಬೆ ಯಾವುದು, ಕೆಟ್ಟದ್ದು ಯಾವುದು, ನಿನ್ನ ಹಾಗಿರುವುದು ಯಾವುದು? ಕಪ್ಪು ಮಕ್ಕಳಲ್ಲಿ ಬಹಳಷ್ಟು ಮಂದಿ ಬಿಳಿಯ ಗೊಂಬೆಯನ್ನು ಒಳ್ಳೆಯದೆಂದರು. ಕೊನೆಯ ಪ್ರಶ್ನೆ ಬಂದಾಗ ಕೆಲವರು ಅತ್ತರು. 1954ರಲ್ಲಿ ಶಾಲೆಗಳಲ್ಲಿ ಬಣ್ಣದ ಭೇದ ಸಲ್ಲದೆಂದು ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ಅದರ ಅಡಿಟಿಪ್ಪಣಿಯಲ್ಲಿ ಕ್ಲಾರ್ಕರ ಸಂಶೋಧನೆಯೂ ಇತ್ತು. ಶುರುವಾದದ್ದು ಒಬ್ಬ ವಿದ್ಯಾರ್ಥಿನಿ ತನ್ನದೇ ಜನರ ಮಕ್ಕಳ ಎದುರು ಕೂತು ಪ್ರಶ್ನೆ ಕೇಳಿದ್ದರಿಂದ.

ಈಗ ನಾಸಿಕ್ ಕಡೆ ಬರೋಣ. 1930ರಲ್ಲಿ ಕಾಳಾರಾಮ ದೇವಸ್ಥಾನದ ಪ್ರವೇಶಕ್ಕಾಗಿ ಅಂಬೇಡ್ಕರರ ನಾಯಕತ್ವದಲ್ಲಿ ಸತ್ಯಾಗ್ರಹ ನಡೆದ ಊರು ಅದು. ಅಲ್ಲಿಯೇ 1989ರಲ್ಲಿ ಯಶವಂತರಾವ ಚವ್ಹಾಣ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ರಾಮ ತಾಕವಲೆ ಮೊದಲ ಕುಲಪತಿ. ಜ್ಞಾನದ ಗಂಗೆ ಮನೆಮನೆಗೆ ಹರಿಯಲಿ ಎಂಬುದು ಅದರ ಘೋಷವಾಕ್ಯ. ಆಗಲೇ ಕೆಲಸದಲ್ಲಿರುವ ಶಿಕ್ಷಕರಿಗೆ ಬಿ.ಎಡ್. ಓದಿಸುವ ಕೆಲಸವನ್ನು ಅದು ದೊಡ್ಡ ಪ್ರಮಾಣದಲ್ಲಿ ಮಾಡಿತು. ದೂರಶಿಕ್ಷಣದ ಪದವಿ ಎಂದರೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ ಇದ್ದಾರೆ. ನಾನು ಆ ಗುಂಪಿನವನಲ್ಲ. ರೆಗ್ಯುಲರ್ ವಿದ್ಯಾರ್ಥಿಗೆ ಬಿ.ಎಡ್.ನಲ್ಲಿ ಸಿಗುವ ಶಾಲಾನುಭವ 20 ವಾರ. ಅದೂ ಬೇರೆಯವರ ತರಗತಿಯಲ್ಲಿ, ಅತಿಥಿಯ ಹಾಗೆ. ಭಾನುವಾರ ಸಂಪರ್ಕ ತರಗತಿಗೆ ಬಂದು ಬಾಲ್ಯದ ಪಾಠ ಕೇಳಿದ, ನಾಸಿಕ್ ಜಿಲ್ಲೆಯ ಸುರಗಾಣೆಯ ಮಾಸ್ತರ ಸೋಮವಾರ ಬೆಳಿಗ್ಗೆ ತನ್ನದೇ ಮಕ್ಕಳ ಮುಂದೆ ನಿಂತಿರುತ್ತಾನೆ. ಕೇಳಿದ್ದು ನಿಜವೋ ಅಲ್ಲವೋ ಎಂದು ಅವನಿಗೆ ಮರುದಿನವೇ ತಿಳಿಯುತ್ತದೆ. ಆ ತಿಳಿವನ್ನು ಬರೆಸಿಕೊಳ್ಳುವ ಏರ್ಪಾಡು ಇದ್ದರೆ ದೂರಶಿಕ್ಷಣವೇ ಬಾಲವಿಕಾಸಕ್ಕೆ ಎಲ್ಲಕ್ಕಿಂತ ಹತ್ತಿರದ ಶಿಕ್ಷಣವಾಗಬಲ್ಲದು. ಸ್ವಾಧ್ಯಾಯ ಎಂದು ಹೇಳಿ ಪುಸ್ತಕದಿಂದಲೇ ನಕಲು ಮಾಡಿಸಿದರೆ ಮಾತ್ರ ಆ ಅವಕಾಶ ಹಾಳಾಗುತ್ತದೆ.

ಸುರಗಾಣಾ, ಪೇಠ್, ಕಳವಣ, ತ್ರ್ಯಂಬಕೇಶ್ವರ ಇವು ನಾಸಿಕ್ ಜಿಲ್ಲೆಯ ಆದಿವಾಸಿ ತಾಲ್ಲೂಕುಗಳು. ಕೋಕಣಾ, ಮಹಾದೇವ ಕೋಳಿ, ವಾರ್ಲಿ, ಭಿಲ್ಲ ಜನ. ಮಹಾರಾಷ್ಟ್ರದ ಆದಿವಾಸಿ ವಿಕಾಸ ಆಯುಕ್ತಾಲಯ ಇರುವುದೂ ನಾಸಿಕ್‌ನಲ್ಲೇ; ಆಶ್ರಮಶಾಲೆಗಳ ಆಡಳಿತ ಅಲ್ಲಿಂದ. ಈ ಬೆಟ್ಟಗಳಿಂದ ಪಶ್ಚಿಮಕ್ಕೆ ಇಳಿದರೆ ಈಗಿನ ಪಾಲಘರ ಜಿಲ್ಲೆ. ಅಲ್ಲಿನ ಬೋರ್ಡಿ ಎಂಬ ಕಡಲ ಊರಿನಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಗ್ರಾಮ ಬಾಲ ಶಿಕ್ಷಾ ಕೇಂದ್ರ ತೆರೆದರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಜೊತೆ ಮಾಂಟೆಸರಿ ಪದ್ಧತಿಯನ್ನು ಕೈಯಾರೆ ಮಾಡಿ ನೋಡಿದ್ದವರು ಅವರು. ಅವರ ಜೊತೆಗಾರ್ತಿ ಅನುತಾಯಿ ವಾಘ್. ಬಾಲ್ಯದಲ್ಲೇ ಮದುವೆಯಾಗಿ ಬಾಲ್ಯದಲ್ಲೇ ವಿಧವೆಯಾದ ಅನುತಾಯಿ, ಛಲ ಹಿಡಿದು ಓದಿ, ನಾಸಿಕ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಶಿಕ್ಷಕಿಯಾಗಿ ಕೆಲಸ ಶುರುಮಾಡಿದವರು. ಇಟಲಿಯಿಂದ ಬಂದ ದುಬಾರಿ ಉಪಕರಣಗಳು ಬೋರ್ಡಿಯಲ್ಲಿ ಎಲ್ಲಿಂದ ಬರಬೇಕು? ಕಪ್ಪೆಚಿಪ್ಪು, ಬೀಜ, ಎಲೆ, ಮಣ್ಣು ಇವೇ ಪಾಠೋಪಕರಣಗಳಾದವು. ಮಕ್ಕಳು ಬಾಲವಾಡಿಗೆ ಬರದಿದ್ದಾಗ ಬಾಲವಾಡಿಯೇ ಅವರ ಹಾಡಿಗೆ, ಮನೆಯ ಅಂಗಳಕ್ಕೆ ಹೋಯಿತು. ಸ್ವಲ್ಪ ದೊಡ್ಡ ಮಕ್ಕಳು ದನ ಕಾಯಲು ಹೋಗುತ್ತಿದ್ದರು. ಅವರಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ, ಅದೇ ಕುರಣಶಾಳೆ. 1957ರಲ್ಲಿ ಕೆಲಸ ಕೋಸಬಾಡದ ಗುಡ್ಡಕ್ಕೆ ಹೋಯಿತು. ಅಲ್ಲಿಯ ವಿಕಾಸವಾಡಿಯಲ್ಲಿ ಶಿಶುಗಳ ಪಾಲನಾಘರ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರೂ ಒಟ್ಟಿಗೆ. ಅಕ್ಕ ಶಾಲೆಗೆ ಬರಬೇಕಾದರೆ ಅವಳ ಸೊಂಟದ ಮೇಲಿನ ತಮ್ಮನನ್ನು ಇಳಿಸಿಕೊಳ್ಳಲು ಒಂದು ಜಾಗ ಬೇಕು ಎಂಬುದು ಆ ಇಬ್ಬರು ಹೆಂಗಸರಿಗೆ ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರ ಅದರಲ್ಲಿ ಒಂದು. ಇವತ್ತು ಊರೂರಿಗೆ ಅಂಗನವಾಡಿ ಇದೆ. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಬುನಾದಿಯ ಹಂತವೆಂದು ಕರೆದಿದೆ. ಇದನ್ನೆಲ್ಲ ಓದುವವರು ಬೋರ್ಡಿಯ ಹಾಡಿಯಿಂದ ಶುರುಮಾಡಬೇಕು. ಮಾಂಟೆಸರಿ, ಫ್ರೋಬೆಲ್ ಅವರಿಗೆ ಕೊಡುವಷ್ಟು ಪುಟಗಳನ್ನು ತಾರಾಬಾಯಿ, ಅನುತಾಯಿ ಇಬ್ಬರಿಗೂ ಕೊಡುವುದು ಅಭಿಮಾನದ ಮಾತಲ್ಲ, ವಿದ್ಯೆಗೆ ಬೇಕಾದ ಮಾತು.

ಬೀಡ್ ಜಿಲ್ಲೆಯ ಮಾತು ಬರಲಿದೆ ಎಂದಿದ್ದೆ. ದಸರೆ ದೀಪಾವಳಿ ಕಳೆದ ಮೇಲೆ ಮರಾಠವಾಡದ, ಅದರಲ್ಲೂ ಬೀಡ್ ಜಿಲ್ಲೆಯ ಸಾವಿರಾರು ಕುಟುಂಬಗಳು ಕಬ್ಬು ಕಡಿಯಲು ಊರು ಬಿಡುತ್ತವೆ. ಗಂಡ ಹೆಂಡತಿ ಸೇರಿದರೆ ಗುತ್ತಿಗೆದಾರ ಮುಕಾದಮನ ಲೆಕ್ಕದಲ್ಲಿ ಒಂದು ಕೋಯ್ತಾ, ಅಂದರೆ ಒಂದು ಕುಡುಗೋಲು. ಮುಂಗಡವಾಗಿ ಪಡೆದ ಉಚಲ್ ತೀರುವವರೆಗೆ ದುಡಿಯಬೇಕು. ಪಶ್ಚಿಮ ಮಹಾರಾಷ್ಟ್ರದ ಕಾರ್ಖಾನೆಗಳಿಗೆ ಹೋದಂತೆಯೇ ಅವರು ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೂ ಬರುತ್ತಾರೆ. ಅಥಣಿ, ಚಿಕ್ಕೋಡಿ, ಮುಧೋಳ, ಜಮಖಂಡಿ ಕಡೆಯವರಿಗೆ ಕಬ್ಬಿನ ಗ್ಯಾಂಗು ಗೊತ್ತಿರದೆ ಇಲ್ಲ. ಹೊಲದ ಬದಿಯಲ್ಲಿ ಸಾಲಾಗಿ ಕೋಪಿಗಳು, ಅಂದರೆ ಬಗ್ಗಿ ಒಳಹೋಗಬೇಕಾದ ಗುಡಿಸಲುಗಳು. ಬೆಳಗಾಗುವ ಮೊದಲೇ ಅಪ್ಪ ಅವ್ವ ಹೊಲಕ್ಕೆ. ಎಂಟು ವರ್ಷದ ಹುಡುಗಿ ಕೂಸು ಎತ್ತಿಕೊಂಡು, ನೀರು ತಂದು, ಕಡಿದ ಕಬ್ಬಿನ ತುದಿಯ ಸೋಗೆ ಕಟ್ಟುತ್ತಾಳೆ. ನವೆಂಬರಿನಿಂದ ಮಾರ್ಚ್ ಏಪ್ರಿಲ್‌ವರೆಗೆ ಹೀಗೆ. ಶಾಲೆಯ ವರ್ಷದಲ್ಲಿ ಉಳಿದದ್ದೇನು?

ಮಹಾರಾಷ್ಟ್ರದಲ್ಲಿ ಇದಕ್ಕೆ ಎರಡು ಬಗೆಯ ಉತ್ತರ ಹುಡುಕಿದ್ದಾರೆ. ಒಂದು, ಕಾರ್ಖಾನೆಯ ಬಳಿಯಲ್ಲೇ ಸಾಖರಶಾಳೆ, ಅಂದರೆ ಸಕ್ಕರೆ ಶಾಲೆ. ಔರಂಗಾಬಾದಿನ ಜನಾರ್ಥ ಸಂಸ್ಥೆ ಈ ಕೆಲಸಕ್ಕೆ ಹೆಸರಾದದ್ದು. ಇನ್ನೊಂದು, ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ಹಂಗಾಮಿ ವಸತಿಗೃಹ. ನಮ್ಮಲ್ಲಿಯೂ ವಲಸೆ ಮಕ್ಕಳಿಗೆಂದು ಟೆಂಟ್ ಶಾಲೆಗಳಾದವು. ಕಾನೂನು ಗಟ್ಟಿಯಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ವಯಸ್ಸಿನ ದಾಖಲೆ ಇಲ್ಲವೆಂದು ವಾಪಸು ಕಳಿಸುವಂತಿಲ್ಲ, ವರ್ಷದ ನಡುವೆ ಬಂದರೂ ಬೇಡವೆನ್ನುವಂತಿಲ್ಲ. ಆದರೆ ಮುಧೋಳದ ಹೊಲದಿಂದ ಕನ್ನಡ ಶಾಲೆಗೆ ಬಂದ ಆ ಹುಡುಗಿಗೆ ಮಾಸ್ತರರ ಒಂದು ಮಾತೂ ಅರ್ಥವಾಗದಿದ್ದರೆ ಹಾಜರಿ ಪುಸ್ತಕದ ಟಿಕ್ ಯಾರಿಗೆ ಬೇಕು? ಇದಕ್ಕೆ ಸಲಹೆ ಕೊಡಬೇಕಾದವರು ಶಿಕ್ಷಣಶಾಸ್ತ್ರ ಓದಿದವರು. ಅಪ್ಪ ಅವ್ವ ಹೊಲದಲ್ಲಿರುವಾಗ ಎಂಟು ತಿಂಗಳ ಕೂಸಿಗೆ ಅಕ್ಕನೇ ತಾಯಿಯಾದರೆ ತಾಯಿ ಮಗುವಿನ ಅಂಟಿಕೆಯ (ಅಟ್ಯಾಚ್‌ಮೆಂಟ್) ಬಗ್ಗೆ ನಾವು ಓದಿದ್ದು ಎಷ್ಟು ಹೊಂದುತ್ತದೆ? ಮಾಲು ಎತ್ತುವ ಲಾರಿಯ ಲೆಕ್ಕ, ಸೋಗೆ ಮಾರಿದ ದುಡ್ಡಿನ ಲೆಕ್ಕ ಬಾಯಲ್ಲೇ ಮಾಡುವ ಹುಡುಗ ಹಲಗೆಯ ಮೇಲಿನ ಕೂಡುವ ಲೆಕ್ಕಕ್ಕೆ ಏಕೆ ತಡವರಿಸುತ್ತಾನೆ? ಒಂದೊಂದೂ ಒಂದೊಂದು ಪ್ರಬಂಧದ ವಿಷಯ.

ಪರಭಣಿಯ ಕೃಷಿ ವಿಶ್ವವಿದ್ಯಾಲಯದಲ್ಲಿ, ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಹಿಂದೆ ಗೃಹವಿಜ್ಞಾನ ಎನ್ನುತ್ತಿದ್ದ ಸಮುದಾಯ ವಿಜ್ಞಾನದ ಅಡಿ ಮಾನವ ವಿಕಾಸ ಓದುವವರಿದ್ದಾರೆ. ಸಂಭಾಜಿನಗರದಲ್ಲಿ, ಕಲಬುರಗಿಯಲ್ಲಿ, ವಿಜಯಪುರದಲ್ಲಿ ಶಿಕ್ಷಣಶಾಸ್ತ್ರ ಓದುವವರಿದ್ದಾರೆ. ಒಂದೇ ಮಗು ಜೂನಿನಲ್ಲಿ ಅವರ ಜಿಲ್ಲೆಯಲ್ಲಿ, ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಇರುತ್ತದೆ. ಹಾಗಿದ್ದಮೇಲೆ ಆ ಮಗುವಿನ ಅಧ್ಯಯನವನ್ನು ಇಬ್ಬರು ವಿದ್ಯಾರ್ಥಿಗಳು ಹಂಚಿಕೊಂಡು ಮಾಡಬಹುದು. ಅಲ್ಲಿಯವಳು ಊರಿನ ಶಾಲೆಯಲ್ಲಿ ನೋಡಲಿ, ಇಲ್ಲಿಯವಳು ಹೊಲದಲ್ಲಿ ನೋಡಲಿ, ಟಿಪ್ಪಣಿಗಳನ್ನು ಒಬ್ಬರಿಗೊಬ್ಬರು ಓದಿ ಹೇಳಲಿ.

ಈ ಸಭೆಯಲ್ಲಿ ತಾಂಡಾಗಳಿಂದ ಬಂದ ಲಂಬಾಣಿ ವಿದ್ಯಾರ್ಥಿಗಳು ಇದ್ದೀರಿ. ಮರಾಠವಾಡದಿಂದ ಕಬ್ಬಿಗೆ ಬರುವವರಲ್ಲಿ ಬಂಜಾರರು ಬಹಳ. ಆ ಮಕ್ಕಳು ಮನೆಯಲ್ಲಿ ಆಡುವ ಗೋರ್‌ಬೋಲಿ ನಿಮ್ಮ ಮನೆಯ ಮಾತೇ. ಮರಾಠಿ ಬಾರದ ಮಾಸ್ತರರೂ ಕನ್ನಡ ಬಾರದ ಮಕ್ಕಳೂ ಎದುರುಬದುರು ಸುಮ್ಮನೆ ಕೂತಿರುವ ಆ ತರಗತಿಯಲ್ಲಿ ಬಾಯಿ ಬಿಟ್ಟು ಮಾತಾಡಬಲ್ಲವರು ನೀವು. ಬಂಜಾರರ ಸಂತ ಸೇವಾಲಾಲರ ಹೆಸರು ಹೇಳಿದರೆ ಆ ಮಗುವಿನ ಅವ್ವ ನಿಮ್ಮನ್ನು ಕೋಪಿಯೊಳಗೆ ಕೂರಿಸಿ ಚಹಾ ಕೊಡುತ್ತಾಳೆ. ನಿಮ್ಮ ಭಾಷೆಗೆ ಯಾವ ಪತ್ರಿಕೆಯಲ್ಲೂ ಅಂಕವಿಲ್ಲದಿರಬಹುದು; ಈ ಪ್ರಬಂಧಕ್ಕೆ ಅದಕ್ಕಿಂತ ದೊಡ್ಡ ಅರ್ಹತೆ ಇನ್ನೊಂದಿಲ್ಲ. ಮಾರ್ಗದರ್ಶಕರಾದ ನನ್ನ ಸಹೋದ್ಯೋಗಿಗಳಲ್ಲಿ ಒಂದೇ ಬೇಡಿಕೆ. ಈ ಹಂಗಾಮಿನಲ್ಲಿ ಒಬ್ಬ ವಿದ್ಯಾರ್ಥಿಯಾದರೂ ಪ್ರಶ್ನಾವಳಿ ಹಂಚಿ ಶೇಕಡಾವಾರು ತೆಗೆಯುವ ಪ್ರಬಂಧವನ್ನು ಬಿಟ್ಟು, ಮೂರು ತಿಂಗಳು ಒಂದೇ ಮಗುವನ್ನು ನೋಡಿ ಬರೆಯುತ್ತೇನೆ ಎಂದು ಬಂದರೆ, ಸ್ಯಾಂಪಲ್ ಸಾಲದು ಎಂದು ಹೇಳಿ ಕಳಿಸಬೇಡಿ. ಅವರ ಪ್ರಯಾಣದ ಖರ್ಚಿಗೆ ಈ ದತ್ತಿಯ ಬಡ್ಡಿಯಿಂದ ಒಂದು ಪಾಲು ಸಿಗುವಂತೆ ಮಾಡಬಹುದೆ ಎಂದು ದಾನಿಗಳ ಕುಟುಂಬವನ್ನು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ. ನನ್ನ ಇಂದಿನ ಗೌರವಧನವನ್ನು ಅದಕ್ಕೆ ಮೊದಲ ಕಂತಾಗಿ ತೆಗೆದುಕೊಳ್ಳಿ.